ಖಾತೆಯಿಲ್ಲದ ಪೃಚ್ಛಕ

‘ಖಾತೆ’ ಎಂಬ ಮಾತಿಗೆ ಕನ್ನಡದಲ್ಲಿ ಅರ್ಥಗಳು ಹಲವು. ಅಂಗಡಿಯ ಲೆಕ್ಕದ ಪುಟವೂ ಖಾತೆ, ಜಮೀನಿನ ದಾಖಲೆಯೂ ಖಾತೆ, ಮಂತ್ರಿಗೆ ವಹಿಸಿದ ಇಲಾಖೆಯೂ ಖಾತೆಯೇ. ಈ ಸಾಲಿಗೆ ಈಚೆಗೆ ಸೇರಿದುದು ಅಂತರಜಾಲದ ಖಾತೆ. ಒಬ್ಬನ ಹೆಸರಿಗೆ ಒಂದು ಪುಟವಿರುವುದು ಇವುಗಳಿಗೆ ಬಹುಮಟ್ಟಿಗೆ ಸಮಾನವಾದ ಲಕ್ಷಣ. ಪುಟವಿಲ್ಲದ ವ್ಯವಹಾರವೂ ಉಂಟು. ತೆಂಗಿನ ಸೀಮೆಯ ಹುಳಿಯಾರಿನಲ್ಲಿ ಕೊಬ್ಬರಿಯ ಧಾರಣೆಯನ್ನು ಕೇಳಲು ಮಂಡಿಗೆ ಬಂದವನಿಗೆ ಖಾತೆ ಬೇಕಿಲ್ಲ. ಸರಕು ಹಾಕಿ ಮುಂಗಡ ಪಡೆಯುವವನಿಗೆ ಮಾತ್ರ ಅದು ಬೇಕು. ಆದರೂ ಬರಿದೆ ಕೇಳಿ ಹೋದವನ ಮುಖವನ್ನು ಮಂಡಿಯವನು ನೆನಪಿನಲ್ಲಿಟ್ಟಿರಬಹುದು.

ಕೃತಕ ಬುದ್ಧಿಮತ್ತೆಯ ಸಂವಾದಯಂತ್ರಗಳ ಸ್ಥಿತಿಯೂ ಇದಕ್ಕೆ ಸಮೀಪವಾದುದೇ. ಓಪನ್‌ಎಐ ಸಂಸ್ಥೆಯು 2022ರ ನವೆಂಬರ್ 30ರಂದು ಚಾಟ್‌ಜಿಪಿಟಿಯನ್ನು ಹೊರತಂದಾಗ ಖಾತೆ ತೆರೆಯದವನಿಗೆ ಅಲ್ಲಿ ಪ್ರವೇಶವಿರಲಿಲ್ಲ. 2024ರ ಏಪ್ರಿಲ್ 1ರಂದು ಆ ನಿರ್ಬಂಧವನ್ನು ಕ್ರಮೇಣ ಸಡಿಲಿಸುವುದಾಗಿ ಸಂಸ್ಥೆಯು ಪ್ರಕಟಿಸಿತು. ಖಾತೆಯಿಲ್ಲದವನಿಗೆ ಸಂಭಾಷಣೆಗಳನ್ನು ಉಳಿಸಿಕೊಳ್ಳುವ, ಅನ್ಯರೊಡನೆ ಹಂಚಿಕೊಳ್ಳುವ ಸೌಕರ್ಯಗಳಿಲ್ಲವೆಂದೂ, ಅವನು ಬರೆದುದನ್ನು ಯಂತ್ರದ ಸುಧಾರಣೆಗೆ ಬಳಸಬಹುದೆಂದೂ, ಬೇಡವೆನ್ನುವವನು ಸೆಟ್ಟಿಂಗ್ಸ್ ಭಾಗದಲ್ಲಿ ಅದನ್ನು ತಡೆಯಬಹುದೆಂದೂ ಆಗಲೇ ತಿಳಿಸಿತು.

ಇಲ್ಲಿ ಗಮನಿಸತಕ್ಕ ಅಸಮತೆಯೊಂದುಂಟು. ಪೃಚ್ಛಕನ ಕಡೆಯಲ್ಲಿ ಸಂಭಾಷಣೆಯು ಅಳಿದುಹೋಗುತ್ತದೆ. ಸಂಸ್ಥೆಯ ಕಡೆಯಲ್ಲಿಯೂ ಅಳಿಯಿತೆಂದು ಅದರಿಂದ ಸಿದ್ಧವಾಗುವುದಿಲ್ಲ. ಪ್ರಶ್ನೆಯೊಡನೆ ಐಪಿ ವಿಳಾಸವೂ ಹೋಗುತ್ತದೆ. ಉತ್ತರವು ಮರಳಿ ಬರಬೇಕಾದರೆ ವಿಳಾಸ ಬೇಕಷ್ಟೆ. ಇದಕ್ಕಿಂತ ಸೂಕ್ಷ್ಮವಾದುದು ಪ್ರಶ್ನೆಯೊಳಗಿನ ಗುರುತು. ‘ಕೂಡಲಸಂಗಮದೇವ’ ಎಂಬ ಅಂಕಿತದಲ್ಲಿ ಬಸವಣ್ಣನವರ ಹೆಸರಿಲ್ಲ. ಆದರೂ ವಚನವು ಯಾರದೆಂದು ಸಂದೇಹವುಂಟಾಗುವುದಿಲ್ಲ. ಹುಳಿಯಾರಿನ ಅಧ್ಯಾಪಕರೊಬ್ಬರು ವಿದ್ಯಾರ್ಥಿಯ ಪ್ರಬಂಧವನ್ನು ಅವನ ಹೆಸರು, ತರಗತಿ, ಶಾಲೆಗಳ ಸಹಿತವಾಗಿ ಯಂತ್ರಕ್ಕೆ ಒಪ್ಪಿಸಿದರೆಂದು ಭಾವಿಸೋಣ. ಅಧ್ಯಾಪಕರು ಅಜ್ಞಾತರಾಗಿ ಉಳಿಯಬಹುದು, ಬಾಲಕನು ಉಳಿಯಲಾರ. ತಮ್ಮ ಹೆಸರನ್ನು ಮರೆಸಿ ಶಿಷ್ಯನ ಹೆಸರನ್ನು ಕೊಡುವುದು ಉಚಿತವೆನಿಸದು.

2024ರ ಜೂನ್ ತಿಂಗಳಲ್ಲಿ ಡಕ್‌ಡಕ್‌ಗೋ ಸಂಸ್ಥೆಯು ಖಾತೆಯ ಅಗತ್ಯವೇ ಇಲ್ಲದ ಸಂವಾದಸೇವೆಯನ್ನು ಸಾರ್ವಜನಿಕರಿಗೆ ಒದಗಿಸಿತು. ಅದು ಪೃಚ್ಛಕನ ಐಪಿ ವಿಳಾಸವನ್ನು ತೆಗೆದು, ಪ್ರಶ್ನೆಯನ್ನು ತನ್ನದೆಂಬಂತೆ ಮೂಲಯಂತ್ರಕ್ಕೆ ಕಳುಹಿಸುತ್ತದೆ. ಪ್ರಶ್ನೆಯಲ್ಲಿಯೇ ಬರೆದ ಹೆಸರು ಮಾತ್ರ ಇಲ್ಲಿಯೂ ಹಾಗೆಯೇ ಸಾಗುತ್ತದೆ.

ವಿದ್ವಾಂಸರಿಗೆ ಆಗುವ ನಷ್ಟವು ಬೇರೆ ಬಗೆಯದು. ಹಸ್ತಪ್ರತಿಯ ಪಾಠವನ್ನು ಮರಳಿ ತೆರೆದು ನೋಡಬಹುದು. ಈ ಯಂತ್ರವಾದರೋ ಒಂದೇ ಪ್ರಶ್ನೆಗೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಉತ್ತರವನ್ನು ಕೊಡಬಲ್ಲುದು. ಇಲ್ಲದ ಪದ್ಯವನ್ನು ಪ್ರಾಚೀನ ಕವಿಯ ಹೆಸರಿಗೆ ಕಟ್ಟುವುದೂ ಉಂಟು. ಅಂತಹ ಉತ್ತರವನ್ನು ಲೇಖನದಲ್ಲಿ ಚರ್ಚಿಸಬೇಕೆನ್ನುವವರು ಯಂತ್ರದ ಹೆಸರು, ದಿನಾಂಕ, ಕೇಳಿದ ಪ್ರಶ್ನೆಯ ಯಥಾವತ್ತಾದ ಪಾಠ, ದೊರೆತ ಉತ್ತರ ಇಷ್ಟನ್ನೂ ಪುಟವನ್ನು ಮುಚ್ಚುವ ಮೊದಲೇ ಪ್ರತಿಮಾಡಿಕೊಳ್ಳಬೇಕು. ಚಾಟ್‌ಜಿಪಿಟಿಯಲ್ಲಿ ಖಾತೆಯಿಲ್ಲದೆ ಕೇಳಿದವರಿಗೆ ಮರುದಿನ ಅದನ್ನು ಹುಡುಕಿ ತೆಗೆಯುವ ದಾರಿ ಇರುವುದಿಲ್ಲ.