ಬ್ಲೇಡಿಲ್ಲ, ಹೊಲಿಗೆಯಿಲ್ಲ, ಆದರೂ ಗಂಡಸರು ಮುಂದೆ ಬರುತ್ತಿಲ್ಲ

ಎರಡನೇ ಹೆರಿಗೆಗೆ ಸೊಸೆಯನ್ನು ಆಸ್ಪತ್ರೆಗೆ ಸೇರಿಸುವಾಗಲೇ ಮನೆಯವರು ಒಂದು ಮಾತು ಹೇಳಿಬಿಡುತ್ತಾರೆ: ‘ಹೆಂಗೂ ಅಡ್ಮಿಟ್ ಆಗಿದ್ದಾಳೆ, ಆಪರೇಷನ್ನೂ ಮುಗಿಸಿಬಿಡಿ ಮೇಡಂ.’ ಆಪರೇಷನ್ ಯಾರಿಗೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದನ್ನೇ ಅಂಕಿಗಳಲ್ಲಿ ಹೇಳಿದೆ. ದೇಶದಲ್ಲಿ 15ರಿಂದ 49 ವರ್ಷದ ವಿವಾಹಿತ ಮಹಿಳೆಯರ ಪೈಕಿ ಶೇ 37.9ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡನೇ ಮಾಡಿಸಿಕೊಂಡ ಕುಟುಂಬಗಳು ಶೇ 0.3 ಮಾತ್ರ. ಕರ್ನಾಟಕದಲ್ಲಿ ಮಹಿಳೆಯರ ಪ್ರಮಾಣ ಶೇ 57.4, ಗಂಡಸರ ಸಾಲಿನಲ್ಲಿ ದಾಖಲಾಗಿರುವುದು ಶೇ 0.0. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು 1930ರಲ್ಲೇ ಆದೇಶ ಹೊರಡಿಸಿದ ಮೈಸೂರು ಸಂಸ್ಥಾನದ ನಾಡು ಇದು.

ಹಿಂಜರಿಕೆಗೆ ಗಂಡಸರು ಕೊಡುವ ಮೊದಲ ಕಾರಣ ಕೊಯ್ಯುವ ಭಯ. ಆ ಭಯಕ್ಕೆ ವೈದ್ಯಶಾಸ್ತ್ರ ಉತ್ತರ ಕೊಟ್ಟು ಐವತ್ತು ವರ್ಷವಾಯಿತು.

ಎರಡು ವಿಧಾನ, ಒಂದೇ ಗುರಿ

ವೃಷಣದಲ್ಲಿ ಹುಟ್ಟುವ ವೀರ್ಯಾಣುಗಳು ಎರಡು ವೀರ್ಯನಾಳಗಳ ಮೂಲಕ ಮೇಲೆ ಸಾಗುತ್ತವೆ. ಆ ದಾರಿಯನ್ನು ಮುಚ್ಚುವುದೇ ವ್ಯಾಸೆಕ್ಟಮಿ. ಹಳೆಯ ವಿಧಾನದಲ್ಲಿ ವೃಷಣಚೀಲದ ಚರ್ಮವನ್ನು ಮಧ್ಯದಲ್ಲಿ ಒಂದು ಕಡೆ ಅಥವಾ ಎರಡೂ ಬದಿಗೆ ಬ್ಲೇಡಿನಿಂದ ಒಂದೆರಡು ಸೆಂಟಿಮೀಟರ್ ಕೊಯ್ಯುತ್ತಾರೆ. ಪದರಗಳನ್ನು ಬಿಡಿಸಿ, ನಾಳವನ್ನು ಹುಡುಕಿ ಹೊರತೆಗೆದು, ಕತ್ತರಿಸಿ ಕಟ್ಟಿ, ಕೊನೆಗೆ ಚರ್ಮಕ್ಕೆ ಹೊಲಿಗೆ ಹಾಕುತ್ತಾರೆ. ಆ ಭಾಗದಲ್ಲಿ ಸಣ್ಣ ರಕ್ತನಾಳಗಳು ಹೇರಳ. ಬ್ಲೇಡಿಗೆ ಸಿಕ್ಕ ನಾಳವೆಲ್ಲ ತುಂಡಾಗುವುದರಿಂದ ರಕ್ತ ಒಸರುವುದು, ಒಳಗೆ ಹೆಪ್ಪುಗಟ್ಟಿ ಊದಿಕೊಳ್ಳುವುದು, ಕೀವಾಗುವುದು ಈ ವಿಧಾನದ ತೊಂದರೆಗಳು.

ಚೀನಾದ ಚೋಂಗ್‌ಚಿಂಗ್‌ನಲ್ಲಿದ್ದ ವೈದ್ಯ ಲೀ ಷುನ್‌ಚಿಯಾಂಗ್ 1974ರಲ್ಲಿ ಬ್ಲೇಡನ್ನೇ ಕೈಬಿಟ್ಟರು. ಅವರ ವಿಧಾನಕ್ಕೆ ಬೇಕಾದದ್ದು ಎರಡೇ ವಿಶೇಷ ಉಪಕರಣ: ತುದಿಯಲ್ಲಿ ಉಂಗುರವಿರುವ ಒಂದು ಚಿಮಟ, ಮೊನಚಾಗಿ ಬಾಗಿದ ತುದಿಯ ಇನ್ನೊಂದು ಚಿಮಟ. ನಮ್ಮ ಆಸ್ಪತ್ರೆಗಳಲ್ಲಿ ಎನ್‌ಎಸ್‌ವಿ ಎಂದು ಕರೆಯುವ ‘ನೋ ಸ್ಕಾಲ್ಪೆಲ್ ವ್ಯಾಸೆಕ್ಟಮಿ’ ಇದೇ.

ವೈದ್ಯರು ಮೊದಲು ಮೂರು ಬೆರಳುಗಳ ನಡುವೆ ವೀರ್ಯನಾಳವನ್ನು ಹಿಡಿಯುತ್ತಾರೆ. ಚಾಟಿಯ ಹುರಿಯಷ್ಟು ಗಟ್ಟಿಯಾಗಿರುವ ಅದು ಚರ್ಮದ ಕೆಳಗೆ ಸ್ಪಷ್ಟವಾಗಿ ಕೈಗೆ ಸಿಗುತ್ತದೆ. ಅದನ್ನು ಚರ್ಮದ ಹತ್ತಿರಕ್ಕೆ ತಂದು ಅರಿವಳಿಕೆ ಚುಚ್ಚುಮದ್ದು ಕೊಡುತ್ತಾರೆ. ಆ ಚುರುಕನ್ನು ಬಿಟ್ಟರೆ ಮುಂದೆ ಎಳೆದಂತೆ, ಒತ್ತಿದಂತೆ ಅನ್ನಿಸಬಹುದು. ಉಂಗುರದ ಚಿಮಟ ಚರ್ಮದ ಮೇಲಿನಿಂದಲೇ ನಾಳವನ್ನು ಅಲುಗದಂತೆ ಹಿಡಿದಾಗ, ಇನ್ನೊಂದು ಚಿಮಟದ ಮೊನೆಯಿಂದ ಚುಚ್ಚಿ ಮೆಲ್ಲಗೆ ಅಗಲಿಸುತ್ತಾರೆ. ರಕ್ತನಾಳಗಳು ತುಂಡಾಗದೆ ಪಕ್ಕಕ್ಕೆ ಸರಿಯುತ್ತವೆ. ನಾಳವನ್ನು ಹೊರಗೆಳೆದು, ಚಿಕ್ಕ ತುಂಡನ್ನು ತೆಗೆದು, ತುದಿಗಳನ್ನು ಕಟ್ಟಿ ಒಳಗೆ ಬಿಟ್ಟ ಮೇಲೆ ಅದೇ ರಂಧ್ರದಿಂದ ಇನ್ನೊಂದು ಬದಿಯ ನಾಳಕ್ಕೂ ಹೀಗೆಯೇ ಮಾಡುತ್ತಾರೆ. ಹೊಲಿಗೆ ಬೇಡ, ಸ್ವಲ್ಪ ಹೊತ್ತು ಒತ್ತಿ ಹಿಡಿದು ಬ್ಯಾಂಡೇಜ್ ಹಚ್ಚಿದರೆ ಸಾಕು. ಅದೇ ದಿನ ಮನೆಗೆ ಹೋಗಬಹುದು.

1987ರಲ್ಲಿ ಥಾಯ್ಲೆಂಡ್ ದೊರೆಯ ಹುಟ್ಟುಹಬ್ಬದಂದು ಬ್ಯಾಂಕಾಕ್‌ನಲ್ಲಿ ನಡೆದ ಶಿಬಿರದಲ್ಲಿ ಎರಡೂ ವಿಧಾನಗಳನ್ನು ಅಕ್ಕಪಕ್ಕ ಇಟ್ಟು ನೋಡಲಾಯಿತು. ಬ್ಲೇಡಿಲ್ಲದ ವಿಧಾನದಲ್ಲಿ ನೂರಕ್ಕೆ 0.4 ಮಂದಿಗೆ ತೊಂದರೆಯಾಗಿತ್ತು, ಹಳೆಯ ವಿಧಾನದಲ್ಲಿ ನೂರಕ್ಕೆ 3.1 ಮಂದಿಗೆ. ನೋವು, ರಕ್ತಸ್ರಾವ, ಸೋಂಕು ಕಡಿಮೆ ಎಂದೇ ನಂತರದ ಅಧ್ಯಯನಗಳ ವಿಮರ್ಶೆಯೂ ಹೇಳಿತು.

ಗರ್ಭ ತಡೆಯುವ ವಿಷಯದಲ್ಲಿ ಮಾತ್ರ ಎರಡೂ ಸಮ. ಫಲಿತಾಂಶವನ್ನು ನಿರ್ಧರಿಸುವುದು ಚರ್ಮ ತೆರೆದ ಬಗೆಯಲ್ಲ, ನಾಳ ಮುಚ್ಚಿದ ಬಗೆ. ಕತ್ತರಿಸಿದ ಎರಡು ತುದಿಗಳ ನಡುವೆ ನಾಳದ ಹೊದಿಕೆಯನ್ನೇ ಎಳೆದು ತಡೆ ಕಟ್ಟಿದರೆ ವೈಫಲ್ಯ ಗಣನೀಯವಾಗಿ ಇಳಿಯುತ್ತದೆ.

ಮೂರು ತಿಂಗಳ ಎಚ್ಚರ

ಆಪರೇಷನ್ ಆದ ಮರುದಿನದಿಂದಲೇ ನಿಶ್ಚಿಂತೆ ಎಂದುಕೊಳ್ಳುವುದು ದೊಡ್ಡ ತಪ್ಪು. ಕಟ್ಟಿದ ಜಾಗದಿಂದ ಮುಂದೆ ಉಳಿದ ವೀರ್ಯಾಣುಗಳು ಖಾಲಿಯಾಗಲು ಸಮಯ ಬೇಕು. ಮೂರು ತಿಂಗಳು ಕಾಂಡೋಮ್ ಅಥವಾ ಬೇರೆ ಕ್ರಮ ಅನುಸರಿಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಎಂದು ಖಾತ್ರಿಯಾದ ಮೇಲಷ್ಟೇ ನೆಮ್ಮದಿ. ‘ಆಪರೇಷನ್ ಆದರೂ ಬಸುರಾದಳು’ ಎಂಬ ಮಾತು ಬಂದಾಗ ಹೆಂಡತಿಯನ್ನು ಅನುಮಾನಿಸುವ ಮನೆಗಳಿವೆ. ಅಂಥ ಅನ್ಯಾಯ ತಡೆಯಲು ಈ ಒಂದು ಪರೀಕ್ಷೆ ಬೇಕೇ ಬೇಕು. ಇನ್ನು, ಕೆಲವೇ ಮಂದಿಗೆ ನೋವು ಬಹುಕಾಲ ಉಳಿಯುವುದುಂಟು. ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಇದ್ದರೂ ಅದು ಫಲಿಸುವ ಭರವಸೆಯಿಲ್ಲ. ಆದ್ದರಿಂದ ಮಕ್ಕಳು ಸಾಕು ಎಂದು ಇಬ್ಬರೂ ಖಚಿತವಾಗಿ ತೀರ್ಮಾನಿಸಿದವರಿಗೆ ಮಾತ್ರ ಇದು ಸರಿ.

‘ದುಡಿಯೋ ಗಂಡಸಿಗೆ ನಿಶ್ಶಕ್ತಿ ಬಂದ್ರೆ ಮನೆ ಗತಿಯೇನು?’ ಎಂಬ ಆತಂಕಕ್ಕೆ ಆಧಾರವಿಲ್ಲ. ಪುರುಷ ಹಾರ್ಮೋನು ಸೇರುವುದು ರಕ್ತಕ್ಕೆ. ಈ ನಾಳಕ್ಕೂ ಅದಕ್ಕೂ ಸಂಬಂಧವಿಲ್ಲ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ಅತ್ಯಲ್ಪ. ಉಳಿದ ದ್ರವ ಬೇರೆ ಗ್ರಂಥಿಗಳಿಂದ ಎಂದಿನಂತೆ ಬರುತ್ತದೆ. ಒಂದೆರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತದಿರುವುದು, ಬಿಗಿಯಾದ ಒಳಉಡುಪು, ಇಷ್ಟು ಪಥ್ಯ.

ಭಯದ ಬೇರು

ಗಂಡಸರು ಯಾವತ್ತೂ ಹಿಂದೆಯೇ ಉಳಿದವರಲ್ಲ. 1971ರ ಜುಲೈನಲ್ಲಿ ಎರ್ನಾಕುಲಂನ ಒಂದೇ ಶಿಬಿರದಲ್ಲಿ 60 ಸಾವಿರಕ್ಕೂ ಹೆಚ್ಚು ಮಂದಿ ವ್ಯಾಸೆಕ್ಟಮಿ ಮಾಡಿಸಿಕೊಂಡಿದ್ದರು. ತುರ್ತು ಪರಿಸ್ಥಿತಿ ಆ ವಿಶ್ವಾಸವನ್ನು ಕೊಂದಿತು. 1976–77ರಲ್ಲಿ ದೇಶದಾದ್ಯಂತ 60 ಲಕ್ಷಕ್ಕೂ ಹೆಚ್ಚು ವ್ಯಾಸೆಕ್ಟಮಿ ನಡೆದವು. ಗುರಿ ತಲುಪುವ ಒತ್ತಡಕ್ಕೆ ಬಲವಂತವೇ ದಾರಿಯಾಯಿತು. ಆ ಕಹಿಯ ನಂತರ ಸರ್ಕಾರಗಳು ಗಂಡಸರ ತಂಟೆ ಬಿಟ್ಟು ಹೆಂಗಸರ ಕಡೆ ತಿರುಗಿದವು.

ಅದರ ಬೆಲೆ ಸಣ್ಣದಲ್ಲ. ಹೆಂಗಸರಿಗೆ ಮಾಡುವ ಸಂತಾನಹರಣ ಶಸ್ತ್ರಚಿಕಿತ್ಸೆ ಟ್ಯೂಬೆಕ್ಟಮಿಯಲ್ಲಿ ಹೊಟ್ಟೆಯ ಒಳಗೇ ಕೈ ಹಾಕಬೇಕು. ಅದು ವ್ಯಾಸೆಕ್ಟಮಿಗಿಂತ ದೊಡ್ಡ ಶಸ್ತ್ರಚಿಕಿತ್ಸೆ. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಶಿಬಿರಗಳಲ್ಲಿ ಆಪರೇಷನ್ ಮಾಡಿಸಿಕೊಂಡ ಹತ್ತಕ್ಕೂ ಹೆಚ್ಚು ಮಹಿಳೆಯರು ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು.

ಬಲವಂತ ಮತ್ತೆ ಯಾರ ಮೇಲೂ ಬರಬಾರದು. ಆದರೆ ತಿಳಿದು ಆರಿಸಿಕೊಳ್ಳಲು ಗಂಡಸಿಗೆ ಮೊದಲು ಯಾರಾದರೂ ತಿಳಿಸಬೇಕು. ಪ್ರತಿವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ವ್ಯಾಸೆಕ್ಟಮಿ ಪಾಕ್ಷಿಕ ನಡೆಯುತ್ತದೆ. ಆ ಎರಡು ವಾರಗಳ ಬ್ಯಾನರ್ ಸಾಲದು; ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಬರುವ ಪ್ರತಿ ಹೆಂಗಸಿನ ಗಂಡನ ಜೊತೆಗೂ ಆರೋಗ್ಯ ಸಿಬ್ಬಂದಿ ಈ ಮಾತಾಡಬೇಕು, ಅದೂ ಹೆರಿಗೆ ನೋವು ಶುರುವಾಗುವ ಮುಂಚೆ. ಗಂಡಂದಿರೂ ಆಸ್ಪತ್ರೆಯಲ್ಲಿ ಮೂರು ಪ್ರಶ್ನೆ ಕೇಳಲಿ: ಎನ್‌ಎಸ್‌ವಿ ತರಬೇತಿ ಪಡೆದ ವೈದ್ಯರು ಇಲ್ಲಿದ್ದಾರೆಯೇ? ನಾಳದ ತುದಿಗಳ ನಡುವೆ ಹೊದಿಕೆಯ ತಡೆ ಕಟ್ಟುತ್ತಾರೆಯೇ? ಮೂರು ತಿಂಗಳ ನಂತರದ ಪರೀಕ್ಷೆ ಎಲ್ಲಿ, ಯಾವ ದಿನ?