ಖಿನ್ನತೆಗೆ ಉಸಿರಿನ ಊರುಗೋಲು

ಬೆಳಕು ಹರಿದರೂ ಹಾಸಿಗೆಯಿಂದೇಳಲು ಮನಸ್ಸೊಪ್ಪದೆ, ಹಸಿವು ನಿದ್ರೆಗಳೆರಡೂ ಮುನಿದು ದೂರವಾಗಿ, ಒಂದೊಮ್ಮೆ ಪ್ರಿಯವಾಗಿದ್ದ ಸಂಗೀತವೂ ನೀರಸವೆನಿಸುವ ಸ್ಥಿತಿಯನ್ನು ಸೋಮಾರಿತನವೆಂದು ಜರೆಯುವವರು ನಮ್ಮ ಮನೆಗಳಲ್ಲಿಯೇ ಇರುವರು. ಅದು ಖಿನ್ನತೆಯೆಂಬ ವ್ಯಾಧಿ. ದೇಹ ಮನಸ್ಸುಗಳನ್ನು ಒಟ್ಟಿಗೇ ಹಿಡಿಯುವ ಈ ವ್ಯಾಧಿಗೆ, ಅವೆರಡನ್ನೂ ಒಟ್ಟಿಗೇ ಪಳಗಿಸುವ ಯೋಗಾಭ್ಯಾಸವು ಒದಗೀತೇ ಎಂಬ ಪ್ರಶ್ನೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬರಿಯ ನಂಬಿಕೆಗೆ ಬಿಡದೆ ಪರೀಕ್ಷೆಗೊಡ್ಡಿದರು.

2000ನೆಯ ಇಸವಿಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಆಸ್ಪತ್ರೆಗೆ ದಾಖಲಾಗಿದ್ದ 45 ಮಂದಿ ತೀವ್ರ ಖಿನ್ನರನ್ನು ತಲಾ 15ರಂತೆ ವಿಂಗಡಿಸಿ, ಒಂದು ಗುಂಪಿಗೆ ವಿದ್ಯುತ್ ಕಂಪನ ಚಿಕಿತ್ಸೆಯನ್ನೂ, ಇನ್ನೊಂದಕ್ಕೆ ಇಮಿಪ್ರಮಿನ್ ಮಾತ್ರೆಯನ್ನೂ, ಮತ್ತೊಂದಕ್ಕೆ ಲಯಬದ್ಧ ಉಸಿರಾಟದ ಸುದರ್ಶನ ಕ್ರಿಯೆಯನ್ನೂ 4 ವಾರಗಳ ಕಾಲ ನೀಡಲಾಗಿ, ರೋಗಲಕ್ಷಣಗಳು ಬಹುಮಟ್ಟಿಗೆ ಶಮನಗೊಂಡವರ ಪ್ರಮಾಣ ಅನುಕ್ರಮವಾಗಿ ಶೇಕಡ 93, 73 ಮತ್ತು 67 ಆಯಿತು. ಉಸಿರು ಮಾತ್ರೆಯ ಸಮೀಪಕ್ಕೆ ಬಂದುದು ನನ್ನ ದೃಷ್ಟಿಯಲ್ಲಿ ಸಾಮಾನ್ಯ ಸಂಗತಿಯಲ್ಲ. ಆದರೆ ಗುಂಪುಗಳು ಚಿಕ್ಕವು, ವಿದ್ಯುತ್ ಚಿಕಿತ್ಸೆಯೇ ಮುಂದಿತ್ತೆಂಬುದೂ ಅಷ್ಟೇ ನಿಜ.

ನಿಡಿದಾದ ನಿಶ್ವಾಸದೊಡನೆ ವೇಗಸ್ ನರವು ಚುರುಕುಗೊಂಡು ಹೃದಯದ ಬಡಿತ ತಗ್ಗುತ್ತದೆ; ಯೋಗ ಮಾಡಿದ ಖಿನ್ನರ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿದುದನ್ನೂ ಅದೇ ಸಂಸ್ಥೆಯವರು ಮುಂದೆ ಅಳೆದು ಕಂಡರು.

ಇಷ್ಟನ್ನೇ ನಂಬಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿ ಚಾಪೆ ಹಾಸುವುದು ಅಪಾಯಕರ. ಯೋಗವು ವೈದ್ಯರ ಚಿಕಿತ್ಸೆಗೆ ಜೊತೆಯಾಗತಕ್ಕದ್ದು, ಅದರ ಸ್ಥಾನಕ್ಕೆ ಬರತಕ್ಕದ್ದಲ್ಲ. ಬದುಕೇ ಬೇಡವೆನಿಸಿದ ಗಳಿಗೆಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿರಿ. ಕನ್ನಡದಲ್ಲಿಯೇ ಆಲಿಸುವವರು ಅಲ್ಲಿದ್ದಾರೆ.