ಸೈಕಲ್ ಗಾಲಿ ಕಟ್ಟುವ ಕಸುಬು: ಉಪಕರಣ, ವಿಧಾನ ಮತ್ತು ಪದಗಳು

ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆ, ಬೇಸಾಯಗಳ ವೃತ್ತಿಪದಗಳಿಗೆ ಕನ್ನಡದ ಅಧ್ಯಯನಗಳಲ್ಲಿ ದೊರೆತಿರುವ ಗಮನ ರಸ್ತೆಬದಿಯ ಸೈಕಲ್ ಶಾಪಿಗೆ ದೊರೆತಿಲ್ಲ. ಇದು ಯಂತ್ರದೊಡನೆ ಬಂದ ಕಸುಬು, ಇದರ ಪದಗಳೆಲ್ಲ ಇಂಗ್ಲಿಷಿನವು, ಹಾಗಾಗಿ ಸಂಗ್ರಹಿಸಲು ಏನೂ ಇಲ್ಲ ಎಂಬ ಗ್ರಹಿಕೆ ಇದಕ್ಕೆ ಕಾರಣವಾಗಿರಬಹುದು. ಈ ಗ್ರಹಿಕೆ ಅರ್ಧ ಮಾತ್ರ ನಿಜ.

ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಿರೀಸಾವೆ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿನ ಊರು. ಇಂತಹ ಊರುಗಳಲ್ಲಿ ಇಪ್ಪತ್ತನೆಯ ಶತಮಾನದ ಬಹುಕಾಲ ಎರಡು ಬಗೆಯ ಗಾಲಿಗಳು ಒಂದೇ ಬೀದಿಯಲ್ಲಿ ಉರುಳಿದವು: ಬಡಗಿ ಕಟ್ಟಿದ ಎತ್ತಿನ ಗಾಡಿಯ ಗಾಲಿ, ಸೈಕಲ್ ರಿಪೇರಿಯವನು ಕಟ್ಟಿದ ತಂತಿಯ ಗಾಲಿ. ಎರಡೂ ದುಂಡಗಿದ್ದರೂ ಭಾರ ಹೊರುವ ತತ್ತ್ವದಲ್ಲಿ ಪರಸ್ಪರ ವಿರುದ್ಧವಾದವು. ಗಾಡಿಯ ಗಾಲಿಯಲ್ಲಿ ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ ಹೊರಸುತ್ತಿಗೆ ತೊಡಿಸಿ ನೀರು ಹೊಯ್ದಾಗ ಅದು ಕುಗ್ಗಿ ಮರವನ್ನೆಲ್ಲ ಒಳಮುಖವಾಗಿ ಅದುಮುತ್ತದೆ. ಅಚ್ಚಿನ ಭಾರ ಕೆಳಗಿನ ಅರದ ಮೇಲೆ ಕಂಬದ ಮೇಲಿನಂತೆ ನಿಲ್ಲುತ್ತದೆ. ಸೈಕಲ್ಲಿನ ಕಡ್ಡಿಯಾದರೋ ಎರಡು ಮಿಲಿಮೀಟರ್ ದಪ್ಪದ ತಂತಿ. ಅದುಮಿದರೆ ಬಾಗುತ್ತದೆ, ಎಳೆದರೆ ಮಾತ್ರ ಗಟ್ಟಿ. ಆದ್ದರಿಂದ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿಯಾಗಿ ಎಳೆದಿಡಲಾಗುತ್ತದೆ. ಸವಾರ ಕುಳಿತಾಗ ಕೆಳಗಿನ ಕಡ್ಡಿಗಳ ಬಿಗಿ ಸ್ವಲ್ಪ ಕಡಿಮೆಯಾಗುತ್ತದೆ. ಅದು ಪೂರ್ತಿ ಸಡಿಲವಾಗದಷ್ಟು ಬಿಗಿ ಮೊದಲೇ ಇದ್ದರೆ ಗಾಲಿ ನಿಲ್ಲುತ್ತದೆ, ಇಲ್ಲದಿದ್ದರೆ ಸೊಟ್ಟಗಾಗುತ್ತದೆ. ಎಳೆತದ ಗಾಲಿಯ ಕಲ್ಪನೆಯನ್ನು ಇಂಗ್ಲೆಂಡಿನ ಜಾರ್ಜ್ ಕೇಲಿ 1808ರಲ್ಲೇ ಹಾರುವ ಯಂತ್ರಕ್ಕಾಗಿ ಬರೆದಿಟ್ಟಿದ್ದ. ಕಡ್ಡಿಗಳನ್ನು ಹಬ್ಬಿನಿಂದ ಓರೆಯಾಗಿ ಹೊರಡಿಸಿ ಒಂದರ ಮೇಲೊಂದು ದಾಟಿಸುವ ಕ್ರಮಕ್ಕೆ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದ. ಪೆಡಲಿನ ಬಲ ಹಬ್ಬಿನಿಂದ ರಿಮ್ಮಿಗೆ ಸಾಗಬೇಕಾದರೆ ಈ ಓರೆ ಅಗತ್ಯ. ನಮ್ಮ ಹಳ್ಳಿಗಳ ಕಪ್ಪು ಸೈಕಲ್ಲು ಈ ಕ್ರಮವನ್ನೇ ಉಳಿಸಿಕೊಂಡಿತು. ಅದರ ಮುಂದಿನ ಗಾಲಿಗೆ 32 ಕಡ್ಡಿ, ಹೆಚ್ಚು ಭಾರ ಬೀಳುವ ಹಿಂದಿನ ಗಾಲಿಗೆ 40.

ಗಾಲಿ ಕಟ್ಟಲು ಬೇಕಾದ ಉಪಕರಣಗಳು ಅಚ್ಚರಿ ಹುಟ್ಟಿಸುವಷ್ಟು ಕಡಿಮೆ: ಸ್ಪೋಕ್ ಕೀ, ಒಂದು ಸ್ಕ್ರೂಡ್ರೈವರ್, ಅರ, ಸೀಮೆಸುಣ್ಣದ ಚೂರು. (ಇಲ್ಲಿನ ಅರ ಉಜ್ಜುವ ಅರ, ಗಾಲಿಯ ಅರವಲ್ಲ.) ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ಗಾಲಿಯನ್ನು ನಿಲ್ಲಿಸುವ ಸ್ಟ್ಯಾಂಡು ಇರುತ್ತದೆ. ಹೋಬಳಿಯ ಅಂಗಡಿಯಲ್ಲಿ ಸೀಟು ಮತ್ತು ಹ್ಯಾಂಡಲ್ ಮೇಲೆ ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲೇ ಸ್ಟ್ಯಾಂಡು.

ಮೊದಲು ಹಬ್ಬಿನ ತೂತುಗಳಿಗೆ ಕಡ್ಡಿ ಪೋಣಿಸಲಾಗುತ್ತದೆ. ಒಂದು ಕಡ್ಡಿಯ ತಲೆ ಒಳಗೆ, ಮುಂದಿನದರ ತಲೆ ಹೊರಗೆ. ಒಂದು ಗುಂಪಿನ ಕಡ್ಡಿಗಳು ಹಬ್ಬು ತಿರುಗುವ ದಿಕ್ಕಿಗೆ ಓರೆಯಾದರೆ ಇನ್ನೊಂದು ಗುಂಪಿನವು ಎದುರು ದಿಕ್ಕಿಗೆ. ಮೊದಲ ಕಡ್ಡಿಯ ಸ್ಥಾನ ತಪ್ಪಿದರೆ ಗಾಳಿಯ ವಾಲ್ವ್ ಬರುವ ತೂತಿನ ಮೇಲೆ ಎರಡು ಕಡ್ಡಿ ಕೂಡಿಕೊಂಡು ಪಂಪಿನ ಬಾಯಿ ಒಳಗೆ ಹೋಗುವುದಿಲ್ಲ. ಆಗ ಎಲ್ಲವನ್ನೂ ಬಿಚ್ಚಬೇಕು. ಎಲ್ಲ ನಿಪ್ಪಲ್ಲುಗಳನ್ನೂ ಒಂದೇ ಸಮನಾಗಿ ಕೆಲವು ಸುತ್ತು ತಿರುಗಿಸಿದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ಗಾಲಿಯನ್ನು ತಿರುಗಿಸಿ ರಿಮ್ಮಿನ ಬದಿಗೆ ಸೀಮೆಸುಣ್ಣ ಹಿಡಿದರೆ ಉಬ್ಬಿದ ಕಡೆ ಮಾತ್ರ ಗುರುತು ಬೀಳುತ್ತದೆ. ರಿಮ್ಮು ಬಲಕ್ಕೆ ವಾಲಿದ್ದರೆ ಆ ಜಾಗದಲ್ಲಿ ಎಡಬದಿಯ ಕಡ್ಡಿಗಳನ್ನು ಬಿಗಿದು ಬಲಬದಿಯವನ್ನು ಅಷ್ಟೇ ಸಡಿಲಿಸಬೇಕು. ಮೇಲಕ್ಕೆದ್ದಿದ್ದರೆ ಎರಡೂ ಬದಿಯವನ್ನು ಬಿಗಿಯಬೇಕು. ಒಂದು ಸಲಕ್ಕೆ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು. ಒಂದೇ ಕಡ್ಡಿಯನ್ನು ಎಳೆದು ಬೇಗ ಮುಗಿಸುವವನ ಗಾಲಿ ಅಂಗಡಿಯಲ್ಲಿ ನೇರವಾಗಿ ಕಂಡು, ಮೂಟೆ ಹೇರಿದ ದಿನ ಮತ್ತೆ ಓಲಾಡುತ್ತದೆ. ನುರಿತವನು ಕಡ್ಡಿಗಳನ್ನು ಬೆರಳಿನಿಂದ ಮೀಟಿ ಒಂದೇ ಬದಿಯವುಗಳ ನಾದ ಹೊಂದುವುದೋ ಎಂದು ಕೇಳುತ್ತಾನೆ. ಜೋಡಿ ಕಡ್ಡಿಗಳನ್ನು ಅಂಗೈಯಲ್ಲಿ ಹಿಂಡಿ ಕೂರಿಸಿ ಮತ್ತೊಮ್ಮೆ ಪರೀಕ್ಷಿಸುತ್ತಾನೆ. ನಿಪ್ಪಲ್ಲಿನಿಂದ ಹೊರಬಂದ ಕಡ್ಡಿಯ ತುದಿಯನ್ನು ಅರದಿಂದ ಉಜ್ಜದಿದ್ದರೆ ಟ್ಯೂಬು ಒಳಗಿನಿಂದಲೇ ಪಂಚರ್ ಆಗುತ್ತದೆ.

ಕಸುಬಿನ ಭಾಷೆಯನ್ನು ಈಗ ಗಮನಿಸಬಹುದು. ರಿಮ್, ಹಬ್, ನಿಪ್ಪಲ್, ಕೋನ್, ಫ್ರೀವೀಲ್ ಎಂಬ ನಾಮಪದಗಳು ಬಿಡಿಭಾಗಗಳ ಡಬ್ಬಿಯೊಡನೆಯೇ ಬಂದವು. ಕ್ರಿಯಾಪದಗಳು ಹಾಗೆ ಬರಲಿಲ್ಲ. ಕಟ್ಟು, ಪೋಣಿಸು, ದಾಟಿಸು, ಎಳೆ, ಬಿಗಿ, ಸಡಿಲಿಸು, ಮೀಟು, ಹಿಂಡು, ಕೂರಿಸು, ಉಜ್ಜು ಇವೆಲ್ಲ ಹೂ ಕಟ್ಟುವ, ಹಗ್ಗ ಬಿಗಿಯುವ, ತಂಬೂರಿ ಮೀಟುವ ಕೈಗಳಿಂದ ಇಲ್ಲಿಗೆ ಬಂದಿವೆ. ಕಸುಬಿನ ಅರಿವು ಇರುವುದು ಈ ಕ್ರಿಯೆಗಳಲ್ಲಿ. ವೃತ್ತಿಪದಕೋಶಗಳು ಸಾಮಾನ್ಯವಾಗಿ ವಸ್ತುವಿನ ಹೆಸರನ್ನು ಕೇಳಿ ಬರೆದುಕೊಳ್ಳುವ ಕ್ರಮವನ್ನು ಅನುಸರಿಸುವುದರಿಂದ, ಹೆಸರು ಇಂಗ್ಲಿಷಿನದೆಂದು ಕಂಡೊಡನೆ ಕ್ರಿಯೆಯೂ ಕೈಬಿಟ್ಟುಹೋಗುತ್ತದೆ. ಎರವಲು ನಾಮಪದ ಕನ್ನಡ ಕ್ರಿಯೆಯೊಡನೆ ಕೂಡಿ ಹೊಸ ನುಡಿಗಟ್ಟಾಗುವುದೂ ಉಂಟು: ‘ಬೆಂಡು ತೆಗೆ’ ಎಂದರೆ ರಿಮ್ಮಿನ ಡೊಂಕನ್ನು ಸರಿಪಡಿಸು. ಚೆನ್ನಾಗಿ ಥಳಿಸು, ದಣಿಸು ಎಂಬರ್ಥದ ‘ಬೆಂಡೆತ್ತು’ ಈ ಅಂಗಡಿಯಿಂದಲೇ ಬೀದಿಗೆ ಇಳಿದಿರುವ ಸಾಧ್ಯತೆ ಹೆಚ್ಚು. ಹಗುರ ಮರದ ‘ಬೆಂಡಿ’ನೊಡನೆ ಅದಕ್ಕೆ ಸಂಬಂಧ ಕಲ್ಪಿಸುವುದು ಕಷ್ಟ.

ಗಾಲಿಯ ಹಳೆಯ ಪದಗಳು ಮಾತ್ರ ಬೇರೆಡೆ ಉಳಿದಿವೆ. ಇದೇ ತಾಲ್ಲೂಕಿನ ಶ್ರವಣಬೆಳಗೊಳದ ಪರಂಪರೆಯಲ್ಲಿ ನಿತ್ಯವೂ ಕೇಳಿಬರುವ ‘ನೇಮಿ’ ಎಂಬ ಹೆಸರಿನ ಅರ್ಥ ಗಾಲಿಯ ಹೊರಸುತ್ತು; ಅರಿಷ್ಟನೇಮಿ ಎಂದರೆ ಸುತ್ತು ಮುರಿಯದ ಗಾಲಿಯುಳ್ಳವನು. ನೇಮಿಚಂದ್ರನ ‘ಅರ್ಧನೇಮಿ’ಯನ್ನು ಪಾಠ ಮಾಡುವ ತರಗತಿಯಲ್ಲಿ ಈ ಅರ್ಥ ನೆನಪಾಗುವುದು ಅಪರೂಪ.

2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಣೆ ಆರಂಭಿಸಿದಾಗ ಹಳ್ಳಿಗಳಿಗೆ ಸೈಕಲ್ಲುಗಳು ಮತ್ತೆ ಬಂದವು. ಆದರೆ ಕಟ್ಟಿ ಸಿದ್ಧವಾದ ಗಾಲಿ ಅಗ್ಗವಾಗಿ ದೊರೆಯತೊಡಗಿದ ಮೇಲೆ ಡೊಂಕು ಗಾಲಿಯನ್ನು ಬಿಚ್ಚಿ ಕಟ್ಟುವುದಕ್ಕಿಂತ ಬದಲಿಸುವುದೇ ಸುಲಭವಾಯಿತು. 1951ರಲ್ಲಿ ಸೋನಿಪತ್ತಿನಲ್ಲಿ ಆರಂಭವಾಗಿದ್ದ ಅಟ್ಲಾಸ್ ಕಂಪನಿ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸವನ್ನು 2020ರ ಜೂನಿನಲ್ಲಿ ನಿಲ್ಲಿಸಿತು. ಮೋಟಾರ್ ಸೈಕಲ್ಲುಗಳಲ್ಲೂ ಕಡ್ಡಿಯಿಲ್ಲದ ಎರಕದ ಗಾಲಿ ಹೆಚ್ಚಾಗಿರುವುದರಿಂದ ಸ್ಪೋಕ್ ಕೀ ಹಿಡಿಯುವ ಸಂದರ್ಭಗಳೇ ಕಡಿಮೆಯಾಗುತ್ತಿವೆ. ಹೊಸದಾಗಿ ಕಲಿಯುವವನು ಮೊದಲು ಎಡವುವುದು ನಿಪ್ಪಲ್ಲಿನ ತಿರುವಿನಲ್ಲಿ: ಟಯರಿನ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯಾಗುವುದು ಹಬ್ಬಿನ ಕಡೆಯಿಂದ ನೋಡಿದಾಗ ಅದಕ್ಕೆ ವಿರುದ್ಧವಾಗಿ ಕಾಣುತ್ತದೆ. ಇದನ್ನು ಹೇಳಿಕೊಡುವಾಗ ಕಲಿಸುವವನು ಎಡ, ಬಲ ಎನ್ನುವುದನ್ನು ಬಿಟ್ಟು ಕಲಿಯುವವನ ಕೈಯ ಮೇಲೆ ತನ್ನ ಕೈಯಿಟ್ಟು ಕೀಲಿಯನ್ನು ತಿರುಗಿಸುತ್ತಾನೆ.